ಹತ್ತು ಮಂದಿಯ ದಾವೆ, ಒಬ್ಬನ ಹೆಸರು

ಮುಂಡರಗಿ ತಾಲೂಕಿನ ಸಿಂಗಟಾಲೂರು ತುಂಗಭದ್ರೆಯ ದಂಡೆಯ ಊರು. ವೀರಭದ್ರೇಶ್ವರನ ಕ್ಷೇತ್ರವೆಂದು ಸುತ್ತಣ ಸೀಮೆಯ ಭಕ್ತರಿಗೆ ಪರಿಚಿತವಾಗಿದ್ದ ಈ ಹೆಸರು, ಏತ ನೀರಾವರಿ ಯೋಜನೆಯೊಂದಕ್ಕೆ ಇಡಲ್ಪಟ್ಟ ಮೇಲೆ ನಾಡಿಗೆಲ್ಲ ಪರಿಚಿತವಾಯಿತು. ಹಮ್ಮಿಗಿಯ ಬಳಿ ನದಿಗೆ ಅಡ್ಡಲಾಗಿ ಬ್ಯಾರೇಜು ಎದ್ದಿತು. ಒಣಭೂಮಿಗೆ ನೀರು ಏರಬೇಕಾದರೆ ನದಿಯ ಬದಿಯ ಭೂಮಿ ನೀರಿಗೆ ಇಳಿಯಲೇಬೇಕು. ಬಿದರಳ್ಳಿ, ವಿಠಲಾಪುರ, ಗುಮ್ಮಗೋಳಗಳು ಮುಳುಗಡೆಯ ಪಟ್ಟಿಗೆ ಸೇರಿದವು.

ಇಂಥ ಪ್ರಸಂಗಗಳಲ್ಲಿ ನಷ್ಟವು ಒಬ್ಬನದಲ್ಲ, ಊರಿನದು. ಆದರೆ ನ್ಯಾಯಾಲಯದ ಬಾಗಿಲಲ್ಲಿ ಊರು ನಿಲ್ಲಲಾರದು, ಹೆಸರುಳ್ಳ ಮನುಷ್ಯನೇ ನಿಲ್ಲಬೇಕು. ಆಗ ಹಳ್ಳಿಯ ಕಟ್ಟೆಯಲ್ಲಿಯೂ, ಹಳ್ಳಿಯ ಆಸ್ತಿಯನ್ನು ನಂಬಿ ನಗರದಲ್ಲಿ ನೌಕರಿ ಮಾಡುವವರ ಮನೆಯಲ್ಲಿಯೂ ಒಂದು ಮಾತು ಕೇಳಿಬರುವುದು: ‘ಯಾರೋ ಹಿರಿಯರು ದಾವೆ ಹಾಕಿದ್ದಾರೆ; ಅವರಿಗೆ ಬಂದದ್ದು ಎಲ್ಲರಿಗೂ ಬರುತ್ತದೆ.’ ಈ ನಂಬಿಕೆ ಕೆಲವೊಮ್ಮೆ ನಿಜ, ಹಲವೊಮ್ಮೆ ಸುಳ್ಳು. ಯಾವಾಗ ನಿಜ, ಯಾವಾಗ ಸುಳ್ಳು ಎಂಬುದು ಕಾಯದೆಯ ಕೆಲವೇ ಶಬ್ದಗಳ ಅರ್ಥವನ್ನು ಅವಲಂಬಿಸಿದೆ. ಆ ಶಬ್ದಗಳನ್ನು ತಿಳಿಯದ ಕುಟುಂಬವು ಸೋಲುವುದು ವಾದದಲ್ಲಿ ಅಲ್ಲ, ಬಹುಮಟ್ಟಿಗೆ ತಾರೀಖಿನಲ್ಲಿ.

ದಿವಾಣಿ ದಾವೆಯ ಮೊದಲ ಪಾಠ

ಅಪರಾಧಕ್ಕೆ ಶಿಕ್ಷೆ ಬೇಡುವುದು ಫೌಜದಾರಿ ವ್ಯವಹಾರ. ಹಕ್ಕು, ಹಣ, ಆಸ್ತಿ, ಕರಾರುಗಳ ವಿಷಯದಲ್ಲಿ ಪರಿಹಾರ ಬೇಡುವುದು ದಿವಾಣಿ ಅಥವಾ ಸಿವಿಲ್ ವ್ಯವಹಾರ. ಪರಿಹಾರ ಬೇಡಿ ಬಂದವನು ವಾದಿ. ಯಾರ ವಿರುದ್ಧ ಬೇಡಿದನೋ ಅವನು ಪ್ರತಿವಾದಿ. ವಾದಿಯ ಬೇಡಿಕೆಯನ್ನೂ ಅದಕ್ಕೆ ಆಧಾರವಾದ ಸಂಗತಿಗಳನ್ನೂ ಬರೆದ ಕಾಗದವೇ ದಾವಾಪತ್ರ. ಅದರಲ್ಲಿ ‘ವ್ಯಾಜ್ಯಕಾರಣ’ವೆಂಬ ಒಂದು ಭಾಗವಿರಲೇಬೇಕು. ತನ್ನ ಹಕ್ಕು ಯಾವುದು, ಅದಕ್ಕೆ ಯಾವಾಗ, ಎಲ್ಲಿ, ಯಾರಿಂದ ಧಕ್ಕೆ ಬಂತು ಎಂಬುದೇ ವ್ಯಾಜ್ಯಕಾರಣ. ‘ಅನ್ಯಾಯವಾಗಿದೆ’ ಎಂದಷ್ಟೇ ಬರೆದರೆ ಅದು ದೂರು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದರೆ ಅದು ದಾವೆ. ಸರಕಾರದ ಮೇಲೆ ದಾವೆ ಹೂಡುವುದಾದರೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಸಾಮಾನ್ಯವಾಗಿ ಎರಡು ತಿಂಗಳ ಮುಂಚಿತ ನೋಟೀಸು ಕೊಡತಕ್ಕದ್ದು.

ದಾವೆ ದಾಖಲಾದ ಮೇಲೆ ಪ್ರತಿವಾದಿಗೆ ಹೋಗುವ ಕರೆಯೇ ಸಮನ್ಸು. ಅವನು ಕೊಡುವ ಉತ್ತರಕ್ಕೆ ಧಾರವಾಡ ಸೀಮೆಯ ಹಳೆಯ ವಕೀಲರು ಕೈಫಿಯತ್ತು ಎನ್ನುತ್ತಿದ್ದರು. ಲಿಖಿತ ಹೇಳಿಕೆಯೆಂಬುದು ಈಗಿನ ಹೆಸರು. ಸಮನ್ಸು ಮುಟ್ಟಿದ 30 ದಿನಗಳಲ್ಲಿ ಅದನ್ನು ಸಲ್ಲಿಸಬೇಕು. ಕಾರಣವಿದ್ದರೆ ನ್ಯಾಯಾಲಯವು 90 ದಿನಗಳವರೆಗೆ ಅವಕಾಶ ಕೊಡಬಹುದು. ಸಮನ್ಸನ್ನು ಗೂಡಿನಲ್ಲಿ ಸಿಕ್ಕಿಸಿ ಸುಮ್ಮನಾದವನ ಮೇಲೆ ಏಕಪಕ್ಷೀಯವಾಗಿ, ಅಂದರೆ ಅವನ ಮಾತು ಕೇಳದೆಯೇ, ತೀರ್ಮಾನವಾಗಬಹುದು.

ಇಬ್ಬರ ಹೇಳಿಕೆಗಳು ಎಲ್ಲೆಲ್ಲಿ ಡಿಕ್ಕಿ ಹೊಡೆಯುವುವೋ ಅವೇ ವಿವಾದಾಂಶಗಳು. ಅವುಗಳ ಮೇಲೆ ಪುರಾವೆ, ಪುರಾವೆಯ ಮೇಲೆ ವಾದ, ವಾದದ ನಂತರ ತೀರ್ಪು. ತೀರ್ಪು ಎಂದರೆ ನ್ಯಾಯಾಧೀಶರು ಬರೆದ ಕಾರಣಗಳು. ಡಿಕ್ರಿ ಎಂದರೆ ಆ ಕಾರಣಗಳಿಂದ ಇತ್ಯರ್ಥವಾದ ಹಕ್ಕು. ಡಿಕ್ರಿ ಕೈಗೆ ಬಂದರೂ ಹಣ ಕೈಗೆ ಬಂದಂತಲ್ಲ. ಎದುರಾಳಿ ತಾನಾಗಿ ಕೊಡದಿದ್ದರೆ ಅಮಲ್ಜಾರಿಗೆ ಮತ್ತೆ ಅರ್ಜಿ ಹಾಕಬೇಕು. ಧಾರವಾಡ ಸೀಮೆಯಲ್ಲಿ ಇದಕ್ಕೆ ದರಖಾಸ್ತು ಎನ್ನುವರು. ಹಣದ ಡಿಕ್ರಿಗೆ ಇದರ ಅವಧಿ 12 ವರ್ಷ.

ಇಷ್ಟು ಒಬ್ಬೊಬ್ಬರ ದಾವೆಯ ಮಾತಾಯಿತು. ನಷ್ಟವು ನೂರಾರು ಜನರದಾದಾಗ ಏನು?

ಬಾಜೂ ಹೊಲದವರ ಕೇಸು

ಒಂದು ಕಲ್ಪಿತ ಉದಾಹರಣೆ. ನದಿಯ ದಂಡೆಯ ಊರೊಂದರಲ್ಲಿ ಅಣ್ಣ ಬೇಸಾಯಗಾರ. ತಮ್ಮ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ನೌಕರ. ಪಿತ್ರಾರ್ಜಿತವಾದ ನಾಲ್ಕು ಎಕರೆ ಯೋಜನೆಗೆ ಹೋಯಿತು. ವಿಶೇಷ ಭೂಸ್ವಾಧೀನಾಧಿಕಾರಿಯು ಬೆಲೆ ಕಟ್ಟಿದನು. ಈ ಬೆಲೆ ಕಟ್ಟಿದ ಆದೇಶಕ್ಕೆ ಐತೀರ್ಪು ಎಂದು ಹೆಸರು. ಅಣ್ಣ ಫೋನಿನಲ್ಲಿ ಕೇಳುತ್ತಾನೆ: ‘ರೊಕ್ಕ ಬಂದೈತಿ, ಸಹಿ ಮಾಡಿ ತಗೊಳ್ಳೋಣೇನೋ ತಮ್ಮಾ?’ ತಮ್ಮನ ಉತ್ತರ: ‘ತಗೋ ಅಣ್ಣಾ. ಬಾಜೂ ಹೊಲದವರು ಕೇಸ್ ಹಾಕ್ಯಾರಂತ. ಅವರಿಗೆ ಹೆಚ್ಚು ಬಂದ್ರ ನಮಗೂ ಬರ್ತೈತಿ.’

ಈ ಎರಡು ಮಾತುಗಳಲ್ಲಿ ಎರಡು ಅಪಾಯಗಳು ಅಡಗಿವೆ.

ಮೊದಲನೆಯದು ಸಹಿಯದು. ಬೆಲೆ ಕಡಿಮೆಯಾಯಿತೆಂದು ಮುಂದೆ ನ್ಯಾಯಾಲಯವನ್ನು ಕೇಳುವ ಇಚ್ಛೆಯಿದ್ದವರು ಹಣ ಪಡೆಯುವಾಗಲೇ ‘ತಕರಾರಿನೊಂದಿಗೆ ಸ್ವೀಕರಿಸಿದೆ’ ಎಂದು ಬರೆದು ಸಹಿ ಮಾಡತಕ್ಕದ್ದು. ತಕರಾರಿಲ್ಲದೆ ಪಡೆದವರಿಗೆ ಉಲ್ಲೇಖದ ಹಕ್ಕಿಲ್ಲವೆಂದು 1894ರ ಹಳೆಯ ಭೂಸ್ವಾಧೀನ ಕಾಯದೆಯೂ ಹೇಳಿತ್ತು, 2014ರ ಜನವರಿ 1ರಂದು ಜಾರಿಗೆ ಬಂದ 2013ರ ಹೊಸ ಕಾಯದೆಯೂ ಹೇಳುತ್ತದೆ. ಉಲ್ಲೇಖವೆಂದರೆ, ಬೆಲೆಯ ಪ್ರಶ್ನೆಯನ್ನು ಅಧಿಕಾರಿಯ ಕೈಯಿಂದ ನ್ಯಾಯಪೀಠದ ಮುಂದೆ ಇಡಿಸುವ ಅರ್ಜಿ. ಹಳೆಯ ಕಾಯದೆಯಲ್ಲಿ ಇದು 18ನೆಯ ಕಲಮು. ಕರ್ನಾಟಕದ ತಿದ್ದುಪಡಿಯಂತೆ ನೋಟೀಸು ಮುಟ್ಟಿದ 90 ದಿನಗಳ ಅವಧಿ. ಹೊಸದರಲ್ಲಿ ಇದು 64ನೆಯ ಕಲಮು. ಐತೀರ್ಪಿನ ವೇಳೆ ಹಾಜರಿದ್ದವರಿಗೆ ಕೇವಲ ಆರು ವಾರ.

ಎರಡನೆಯ ಅಪಾಯ ಬಾಜೂ ಹೊಲದವರ ಮೇಲಿನ ಭರವಸೆಯದು. ಅವರು ಹಾಕಿದ ಉಲ್ಲೇಖದ ಅರ್ಜಿ ಅವರ ಹೊಲದ್ದು. ಅದರಲ್ಲಿ ಅಣ್ಣನ ಹೆಸರಿಲ್ಲ, ತಮ್ಮನದೂ ಇಲ್ಲ. ಅವರಿಗೆ ಹೆಚ್ಚಿದ ಬೆಲೆ ಇವರ ಮನೆಗೆ ತಾನಾಗಿ ನಡೆದು ಬರಲಾರದು.

ಆದರೆ ಕಾಯದೆ ಇಲ್ಲಿ ಒಂದು ಕಿಟಕಿಯನ್ನು ತೆರೆದಿಟ್ಟಿದೆ. ಬಡವರೂ ಓದು ಬಾರದವರೂ ಕೋರ್ಟಿಗೆ ಹೋಗಲಾರದೆ ಕಡಿಮೆ ಬೆಲೆಗೆ ಸುಮ್ಮನಾಗುವುದನ್ನು ಕಂಡು, 1984ರ ತಿದ್ದುಪಡಿಯು ಹಳೆಯ ಕಾಯದೆಗೆ 28-ಎ ಎಂಬ ಕಲಮನ್ನು ಸೇರಿಸಿತು. ಒಂದೇ ಅಧಿಸೂಚನೆಯ ಭೂಮಿಗೆ ನ್ಯಾಯಾಲಯವು ಒಬ್ಬನಿಗೆ ಬೆಲೆ ಹೆಚ್ಚಿಸಿದರೆ, ಕೋರ್ಟಿಗೆ ಹೋಗದ ಇತರರೂ ಅದರ ಆಧಾರದ ಮೇಲೆ ತಮ್ಮ ಬೆಲೆಯನ್ನು ಮರುನಿರ್ಧರಿಸುವಂತೆ ಅಧಿಕಾರಿಗೆ ಲಿಖಿತ ಅರ್ಜಿ ಕೊಡಬಹುದು. ಹೊಸ ಕಾಯದೆಯ 73ನೆಯ ಕಲಮು ಇದೇ ಮಾತನ್ನು ಉಳಿಸಿಕೊಂಡಿದೆ.

ಈ ಕಿಟಕಿ ತೆರೆದಿರುವುದು ಮೂರೇ ತಿಂಗಳು. ಅವಧಿಯ ಎಣಿಕೆಯು ಸುದ್ದಿ ಕಿವಿಗೆ ಬಿದ್ದ ದಿನದಿಂದ ಅಲ್ಲ, ನ್ಯಾಯಾಲಯವು ಬೆಲೆ ಹೆಚ್ಚಿಸಿದ ದಿನದಿಂದ. ತೀರ್ಪು ಬಂದ ದಿನವನ್ನೂ ಅದರ ನಕಲು ಪಡೆಯಲು ಹಿಡಿದ ಕಾಲವನ್ನೂ ಮಾತ್ರ ಕಳೆಯಲಾಗುತ್ತದೆ. ಬಾಜೂ ಹೊಲದವರು ಯುಗಾದಿಗೆ ಗೆದ್ದದ್ದು ತಮ್ಮನಿಗೆ ದಸರೆಯ ರಜೆಯಲ್ಲಿ ತಿಳಿದರೆ, ಆ ವೇಳೆಗೆ ಕಿಟಕಿ ಮುಚ್ಚಿರುತ್ತದೆ.

ನಷ್ಟವೆಷ್ಟು? ಅಧಿಕಾರಿಯು ಎಕರೆಗೆ 1 ಲಕ್ಷ ರೂಪಾಯಿ ಕಟ್ಟಿದ್ದನೆಂದೂ ನ್ಯಾಯಾಲಯವು ಅದನ್ನು 3 ಲಕ್ಷಕ್ಕೆ ಏರಿಸಿತೆಂದೂ ಊಹಿಸಿದರೆ, ಹೆಚ್ಚಿದ್ದು 2 ಲಕ್ಷ. ಹಳೆಯ ಕಾಯದೆಯಲ್ಲಿ ಇದರ ಮೇಲೆ ಶೇಕಡಾ 30ರಷ್ಟು ಸೊಲೇಷಿಯಂ; ಒಲ್ಲದ ಮನಸ್ಸಿನಿಂದ ನೆಲ ಬಿಟ್ಟವನಿಗೆ ಕೊಡುವ ಸಾಂತ್ವನದ ಹಣವದು. ಅಲ್ಲಿಗೆ ಎಕರೆಗೆ 2 ಲಕ್ಷ 60 ಸಾವಿರ, ನಾಲ್ಕು ಎಕರೆಗೆ 10 ಲಕ್ಷ 40 ಸಾವಿರ. ಬಡ್ಡಿ ಬೇರೆ: ಮೊದಲ ವರ್ಷ ಶೇಕಡಾ 9, ಅನಂತರ ಶೇಕಡಾ 15. ಹೊಸ ಕಾಯದೆಯಲ್ಲಿ ಸೊಲೇಷಿಯಂ ಶೇಕಡಾ 100ಕ್ಕೆ ಏರಿದೆ. ತಾರೀಖು ತಪ್ಪಿದ ಮನೆ ಕಳೆದುಕೊಳ್ಳುವುದು ಒಬ್ಬ ಮಗಳ ಮದುವೆಯ ಅಥವಾ ಒಬ್ಬ ಮಗನ ಓದಿನ ಹಣವನ್ನು.

ಪ್ರಾತಿನಿಧಿಕ ದಾವೆ

ಹಾಗಾದರೆ ಒಬ್ಬನು ಎಲ್ಲರ ಪರವಾಗಿ ದಾವೆ ಹೂಡುವ ದಾರಿಯೇ ಇಲ್ಲವೆ? ಉಂಟು. ಪತ್ರಿಕೆಗಳಲ್ಲಿ ‘ಕ್ಲಾಸ್ ಆಕ್ಷನ್’ ಎಂದು ಓದುವ ದಾವೆಗೆ ಭಾರತದಲ್ಲಿ ಅತಿ ಸಮೀಪದ್ದು ಪ್ರಾತಿನಿಧಿಕ ದಾವೆ. ಅದರ ಆಧಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 8.

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆಯ ತತ್ತ್ವವೇ ಇಲ್ಲಿಯೂ ಇದೆ. ಆದರೆ ಹೊರೆ ಹೊರುವವನು ತಾನೇ ತಾನಾಗಿ ಮುಂದೆ ಬಂದರೆ ಸಾಲದು; ಮೂರು ಸಂಗತಿಗಳು ಕೂಡಬೇಕು. ಒಂದು, ಜನರು ಬಹುಸಂಖ್ಯೆಯಲ್ಲಿರಬೇಕು. ಎರಡು, ಅವರೆಲ್ಲರ ಹಿತ ಒಂದೇ ಆಗಿರಬೇಕು. ಮೂರು, ನ್ಯಾಯಾಲಯದ ಅನುಮತಿ ಬೇಕು. ಅನುಮತಿ ದೊರೆತ ಮೇಲೆ, ದಾವೆ ಯಾರ ಪರವಾಗಿದೆಯೋ ಅವರಿಗೆಲ್ಲ ವಾದಿಯ ಖರ್ಚಿನಲ್ಲಿ ತಿಳುವಳಿಕೆ ಕೊಡಬೇಕು. ಜನ ಹೆಚ್ಚಾಗಿದ್ದರೆ ಪತ್ರಿಕೆಯಲ್ಲಿ ಪ್ರಕಟಿಸಬಹುದು. ದಿನಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ನ್ಯಾಯಾಲಯದ ಪ್ರಕಟಣೆಗಳಿಗೆ ಇರುವ ಬೆಲೆ ಇದು. ಓದಿದವನು ತನ್ನನ್ನೂ ಕಕ್ಷಿಗಾರನನ್ನಾಗಿ ಸೇರಿಸಿಕೊಳ್ಳಿರೆಂದು ಅರ್ಜಿ ಹಾಕಬಹುದು. ಮುಂದಾಳು ಶ್ರದ್ಧೆಯಿಂದ ದಾವೆ ನಡೆಸದಿದ್ದರೆ ನ್ಯಾಯಾಲಯವು ಅವನ ಸ್ಥಾನದಲ್ಲಿ ಮತ್ತೊಬ್ಬನನ್ನು ನಿಲ್ಲಿಸಬಹುದು.

ಈ ನಿಯಮದ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು: ಡಿಕ್ರಿಯು ದಾವೆ ಹೂಡಿದವನನ್ನು ಮಾತ್ರವಲ್ಲ, ಯಾರ ಪರವಾಗಿ ಹೂಡಲಾಯಿತೋ ಅವರೆಲ್ಲರನ್ನೂ ಬಂಧಿಸುತ್ತದೆ. ಗೆದ್ದರೆ ಎಲ್ಲರೂ ಗೆದ್ದಂತೆ. ಸೋತರೆ ಕೋರ್ಟಿನ ಮುಖವನ್ನೇ ಕಾಣದವನೂ ಸೋತಂತೆ. ಅದೇ ವಿಷಯಕ್ಕೆ ಅವನು ಹೊಸ ದಾವೆ ಹೂಡಿದರೆ ‘ರೆಸ್ ಜುಡಿಕೇಟಾ’ ಅಡ್ಡ ಬರುತ್ತದೆ. ಒಮ್ಮೆ ಇತ್ಯರ್ಥವಾದುದನ್ನು ಮತ್ತೆ ಕೆದಕಕೂಡದೆಂಬ ತತ್ತ್ವವದು.

ಅಮೆರಿಕೆಯ ಕ್ಲಾಸ್ ಆಕ್ಷನ್ ಈ ಹಾದಿಯಲ್ಲಿ ಇನ್ನಷ್ಟು ಮುಂದೆ ಹೋಗಿದೆ. 1966ರಲ್ಲಿ ಪರಿಷ್ಕೃತವಾದ ಅಲ್ಲಿನ ಫೆಡರಲ್ ನಿಯಮ 23ರಂತೆ, ನಷ್ಟಪರಿಹಾರದ ದಾವೆಗಳಲ್ಲಿ ಗುಂಪಿನೊಳಗೆ ಬರುವವನು ‘ನಾನು ಇದರಲ್ಲಿಲ್ಲ’ ಎಂದು ಬರೆದು ಹೊರಗುಳಿಯದಿದ್ದರೆ ಒಳಗಿದ್ದಂತೆಯೇ. ಎರಡು ದೇಶಗಳಲ್ಲಿಯೂ ಮೌನಕ್ಕೆ ಅರ್ಥವುಂಟು.

ಮನೆ ಕೊಂಡವರ ಎರಡು ಪ್ರಕರಣಗಳು

ನಗರದ ಕುಟುಂಬಗಳಿಗೆ ಈ ನಿಯಮ ಎದುರಾಗುವುದು ಹೆಚ್ಚಾಗಿ ಮನೆ ಕೊಳ್ಳುವಾಗ. ಮದರಾಸಿನ ಅಶೋಕ್ ನಗರದಲ್ಲಿ ತಮಿಳುನಾಡು ಗೃಹಮಂಡಳಿಯಿಂದ ಮನೆ ಪಡೆದವರಿಗೆ ಹಲವು ವರ್ಷಗಳ ನಂತರ ಇನ್ನಷ್ಟು ಹಣ ಕೊಡಿರೆಂಬ ಬೇಡಿಕೆ ಬಂತು. ಅವರಲ್ಲಿ ಒಬ್ಬರು ಎಲ್ಲರ ಪರವಾಗಿ ದಾವೆ ಹೂಡಿದರು. ಪ್ರತಿಯೊಬ್ಬರಿಗೂ ಬೇಡಿಕೆಯ ಪತ್ರ ಬೇರೆ ಬೇರೆಯಾಗಿ ಬಂದಿರುವಾಗ ಒಂದೇ ದಾವೆ ಹೇಗೆ ಸಾಧ್ಯವೆಂದು ಮಂಡಳಿಯ ಆಕ್ಷೇಪಣೆ. ವ್ಯಾಜ್ಯಕಾರಣ ಒಂದೇ ಆಗಿರಬೇಕಾಗಿಲ್ಲ, ಹಿತ ಒಂದೇ ಆಗಿದ್ದರೆ ಸಾಕು ಎಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ದಾವೆಯನ್ನು ಎತ್ತಿಹಿಡಿಯಿತು.

ಬೆಂಗಳೂರಿನ ಪ್ರಕರಣ ಇದರ ಮತ್ತೊಂದು ಮುಖವನ್ನು ತೋರಿಸುತ್ತದೆ. ಬ್ರಿಗೇಡ್ ಎಂಟರ್‌ಪ್ರೈಸಸ್ ಸಂಸ್ಥೆಯ 1134 ಮನೆಗಳ ಸಮುಚ್ಚಯವೊಂದರಲ್ಲಿ 51 ಮನೆಗಳನ್ನು ಕೊಂಡಿದ್ದ 91 ಮಂದಿ, ಮನೆ ತಡವಾಗಿ ಕೈಸೇರಿತೆಂದು ಗ್ರಾಹಕ ಆಯೋಗಕ್ಕೆ ಹೋದರು. 2019ರ ಗ್ರಾಹಕ ಸಂರಕ್ಷಣಾ ಕಾಯದೆಯ 35ನೆಯ ಕಲಮೂ ಪ್ರಾತಿನಿಧಿಕ ದೂರಿಗೆ ಅವಕಾಶ ಕೊಡುವುದರಿಂದ, ಎಲ್ಲ ಕೊಳ್ಳುವವರ ಪರವಾಗಿ ದೂರನ್ನು ನಡೆಸಬೇಕೆಂಬುದು ಅವರ ಇಚ್ಛೆ. 2021ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಒಪ್ಪಲಿಲ್ಲ. ಉಳಿದವರ ಹಿತವೂ ತಮ್ಮದರಂತೆಯೇ ಎಂಬುದನ್ನು ದೂರಿನಲ್ಲಿ ಸರಿಯಾಗಿ ತೋರಿಸಿರಲಿಲ್ಲ. ಆದರೆ ಆ 91 ಮಂದಿಯ ಜಂಟಿ ದೂರೆಂದು ಅದು ಮುಂದುವರಿಯಬಹುದೆಂದಿತು.

ಜಂಟಿ ದೂರು, ಪ್ರಾತಿನಿಧಿಕ ದೂರು ಇವೆರಡರ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಜಂಟಿಯಲ್ಲಿ ಹೆಸರು ಕೊಟ್ಟವರಿಗೆ ಮಾತ್ರ ಫಲ. ಪ್ರಾತಿನಿಧಿಕದಲ್ಲಿ ಹೆಸರಿಲ್ಲದವರಿಗೂ ಫಲ, ಹೆಸರಿಲ್ಲದವರಿಗೂ ಬಂಧನ. ‘ಸಂಘದವರು ನೋಡಿಕೊಳ್ಳುತ್ತಾರೆ’ ಎಂದು ಚಂದಾ ಕೊಟ್ಟು ನಿಶ್ಚಿಂತರಾದವರು, ಸಂಘ ಹಾಕಿದ ದೂರು ಇವೆರಡರಲ್ಲಿ ಯಾವುದೆಂದು ಕೇಳಿಯೇ ನಿಶ್ಚಿಂತರಾಗತಕ್ಕದ್ದು. ಕಂಪನಿಯ ಶೇರುದಾರರಿಗೂ ಠೇವಣಿದಾರರಿಗೂ 2013ರ ಕಂಪನಿ ಕಾಯದೆಯ 245ನೆಯ ಕಲಮಿನಲ್ಲಿ ಇಂಥದೇ ಒಂದು ದಾರಿಯಿದೆ.

ರಾಜಿಯ ರಾತ್ರಿ

ಸಾಮೂಹಿಕ ವ್ಯವಹಾರದಲ್ಲಿ ಅತ್ಯಂತ ಎಚ್ಚರ ಬೇಕಾದ ಗಳಿಗೆ ರಾಜಿಯದು. ಒಬ್ಬೊಬ್ಬರ ದಾವೆಯಲ್ಲಿ ರಾಜಿ ಅವರವರ ಇಷ್ಟ. ಎಲ್ಲರ ಪರವಾಗಿ ನಿಂತವನು ರಾತ್ರೋರಾತ್ರಿ ರಾಜಿಯಾದರೆ ಎಲ್ಲರ ಹಕ್ಕನ್ನೂ ಮಾರಿದಂತೆ. ಆದಕಾರಣ, ಪ್ರಾತಿನಿಧಿಕ ದಾವೆಯನ್ನು ಹಿಂತೆಗೆದುಕೊಳ್ಳಲು, ಬೇಡಿಕೆಯ ಯಾವುದೇ ಭಾಗವನ್ನು ಬಿಟ್ಟುಕೊಡಲು, ರಾಜಿಯಾಗಲು ಮತ್ತೆ ಎಲ್ಲರಿಗೂ ತಿಳುವಳಿಕೆ ಹೋಗಬೇಕು. ನ್ಯಾಯಾಲಯದ ಅನುಮತಿಯಿಲ್ಲದ ರಾಜಿಯು ಆದೇಶ 23, ನಿಯಮ 3-ಬಿಯಂತೆ ಅಸಿಂಧು.

ಈ ಕಾವಲು ಎಷ್ಟು ಅವಶ್ಯವೆಂಬುದಕ್ಕೆ ಭೋಪಾಲದ ನೆನಪು ಸಾಕು. 1984ರ ಡಿಸೆಂಬರಿನ ವಿಷಾನಿಲ ದುರಂತದ ಬಳಿಕ, 1985ರ ವಿಶೇಷ ಕಾಯದೆಯಿಂದ ಕೇಂದ್ರ ಸರಕಾರವೇ ಎಲ್ಲ ಸಂತ್ರಸ್ತರ ಪ್ರತಿನಿಧಿಯಾಯಿತು. 1989ರ ಫೆಬ್ರುವರಿಯಲ್ಲಿ 47 ಕೋಟಿ ಡಾಲರುಗಳಿಗೆ ಒಪ್ಪಂದವಾಯಿತು. ಸಂತ್ರಸ್ತರ ಮಾತನ್ನು ಮೊದಲು ಕೇಳಲಿಲ್ಲವೆಂಬ ಆಕ್ಷೇಪಣೆ ಎದ್ದಿತಾದರೂ, 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಂದದ ಮೊತ್ತವನ್ನು ಉಳಿಸಿತು. ಹೆಚ್ಚಿನ ಹಣ ಕೋರಿ ಸರಕಾರವೇ ಸಲ್ಲಿಸಿದ್ದ ಅರ್ಜಿಯೂ 2023ರ ಮಾರ್ಚಿನಲ್ಲಿ ವಜಾ ಆಯಿತು. ಪ್ರತಿನಿಧಿ ಇಟ್ಟ ಒಂದು ಸಹಿ 34 ವರ್ಷಗಳ ನಂತರವೂ ಅಳಿಸಲಿಲ್ಲ.

ತನಗಾಗಿ ಅಲ್ಲದ ಅರ್ಜಿ

ಪ್ರಾತಿನಿಧಿಕ ದಾವೆಯಲ್ಲಿ ವಾದಿಗೂ ಸ್ವಂತದ ನಷ್ಟವಿರುತ್ತದೆ. ಸ್ವಂತದ ನಷ್ಟವಿಲ್ಲದವನೂ ಸಮಾಜಕ್ಕಾಗಿ ಉಚ್ಚ ಅಥವಾ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿಯೊಡನೆ ಹೋಗಬಹುದಾದರೆ ಅದು ಸಾರ್ವಜನಿಕ ಹಿತಾಸಕ್ತಿಯ ಅರ್ಜಿ. ಮೊದಲು ‘ನಿನಗೇನು ಸಂಬಂಧ?’ ಎಂಬ ಪ್ರಶ್ನೆಯೇ ಅಂಥವರನ್ನು ಬಾಗಿಲಲ್ಲಿ ತಡೆಯುತ್ತಿತ್ತು. ಅರ್ಜಿದಾರನ ಈ ಅರ್ಹತೆಗೆ ‘ಲೋಕಸ್ ಸ್ಟ್ಯಾಂಡೈ’ ಎನ್ನುವರು. 1981ರ ಎಸ್. ಪಿ. ಗುಪ್ತಾ ಪ್ರಕರಣದ ತೀರ್ಪು ಈ ತಡೆಯನ್ನು ಬಹಳವಾಗಿ ಸಡಿಲಿಸಿತು.

ಅದರ ಫಲವನ್ನು ಕನ್ನಡ ನಾಡು ಬೇಗನೆ ಕಂಡಿತು. ಸರಕಾರವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ 1984ರಲ್ಲಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಗೆ, ನೀಲಗಿರಿ ಬೆಳೆಸಲು ಸುಮಾರು 75 ಸಾವಿರ ಎಕರೆ ಭೂಮಿ ಹೋಗುವುದಿತ್ತು. ಅದರಲ್ಲಿ ಹಳ್ಳಿಯ ದನ ಮೇಯುವ, ಬಡವರು ಉರುವಲು ಆರಿಸುವ ನೆಲವಿತ್ತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅರ್ಜಿಯಲ್ಲಿ ಸಮಾಜ ಪರಿವರ್ತನ ಸಮುದಾಯದ ಜೊತೆಗೆ ನಿಂತವರು ಡಾ. ಕೆ. ಶಿವರಾಮ ಕಾರಂತರು. ಆ ನೆಲದಲ್ಲಿ ಅವರ ದನವೂ ಮೇಯುತ್ತಿರಲಿಲ್ಲ, ಅವರ ಒಲೆಯೂ ಉರಿಯುತ್ತಿರಲಿಲ್ಲ. 1987ರ ಮಾರ್ಚಿನಲ್ಲಿ ಇನ್ನಷ್ಟು ಭೂಮಿಯ ಹಸ್ತಾಂತರಕ್ಕೆ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. 1991ರಲ್ಲಿ ಕಂಪನಿಯೇ ಮುಚ್ಚಿತು.

ತಡೆಯಾಜ್ಞೆಯೆಂಬುದು ಗೆಲುವಲ್ಲ, ತೀರ್ಮಾನವಾಗುವವರೆಗೆ ಇದ್ದುದು ಇದ್ದಂತಿರಲಿ ಎಂಬ ಅಪ್ಪಣೆ. ಆದರೂ ಮರ ಕಡಿಯುವ, ನೆಲ ಅಗೆಯುವ ವ್ಯವಹಾರಗಳಲ್ಲಿ ಆ ಅಪ್ಪಣೆಯೇ ಅರ್ಧ ಗೆಲುವು.

ಎಲ್ಲ ಸಾಮೂಹಿಕ ಹಕ್ಕೂ ಕೋರ್ಟಿನಲ್ಲಿಯೇ ಇತ್ಯರ್ಥವಾಗಬೇಕೆಂದಿಲ್ಲ. ಸಿಂಗಟಾಲೂರು ಇರುವ ಮುಂಡರಗಿ ತಾಲೂಕಿನಲ್ಲಿಯೇ ಹಳ್ಳಿಗುಡಿಯ ಬಳಿ ಪೋಸ್ಕೋ ಉಕ್ಕಿನ ಕಾರಖಾನೆಗೆ ಭೂಮಿ ಪಡೆಯುವ ಯತ್ನ ನಡೆದಾಗ, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ರೈತರು ಪ್ರತಿಭಟಿಸಿದರು. 2011ರ ಜುಲೈ ತಿಂಗಳಲ್ಲಿ ಸರಕಾರವೇ ಹಿಂದೆ ಸರಿಯಿತು. ಆದರೆ ಭೂಮಿ ಹೋಗಿ ಬೆಲೆಯ ಪ್ರಶ್ನೆಯಷ್ಟೇ ಉಳಿದಾಗ ಕಾಗದದ ದಾರಿಯೇ ದಾರಿ. ಗದಗ ಜಿಲ್ಲೆಯವರಿಗೆ ಆ ದಾರಿ ಮೊದಲಿಗಿಂತ ಹತ್ತಿರವಾಗಿದೆ. 2008ರಲ್ಲಿ ಧಾರವಾಡಕ್ಕೆ ಬಂದ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು 2013ರಲ್ಲಿ ಕಾಯಂ ಪೀಠವಾಯಿತು. ಮೇಲ್ಮನವಿಗಾಗಿ ಬೆಂಗಳೂರಿನ ರೈಲು ಹತ್ತುವುದು ತಪ್ಪಿತು.

ಕೇಳತಕ್ಕ ನಾಲ್ಕು ಪ್ರಶ್ನೆಗಳು

‘ಎಲ್ಲರ ಕೇಸು’ ಎಂದು ಯಾರಾದರೂ ಹೇಳಿದಾಗ ಆ ಹಣವನ್ನೋ ಹಕ್ಕನ್ನೋ ನಂಬಿರುವ ಕುಟುಂಬವು ವಕೀಲರನ್ನು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ದಾವೆಯಲ್ಲಿ ತಮ್ಮ ಹೆಸರಿದೆಯೆ? ಇಲ್ಲದಿದ್ದರೆ, ಅದನ್ನು ಪ್ರಾತಿನಿಧಿಕವಾಗಿ ನಡೆಸಲು ನ್ಯಾಯಾಲಯವು ಅನುಮತಿಸಿದ ಆದೇಶದ ನಕಲಿದೆಯೆ? ತಮ್ಮ ಸ್ವಂತದ ಅರ್ಜಿಗೆ ಕೊನೆಯ ತಾರೀಖು ಯಾವುದು? ಬಾಜೂ ಹೊಲದವರ ತೀರ್ಪು ಬಂದದ್ದು ಯಾವ ದಿನ?

ಮೊದಲೆರಡಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಆ ಕೇಸು ಎಲ್ಲರದಲ್ಲ, ಹಾಕಿದವರದು. ಆಗ ಉಳಿದೆರಡರ ಉತ್ತರವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು, ಅಣ್ಣತಮ್ಮಂದಿರು ಅಂದೇ ಅರ್ಜಿಗೆ ಸಹಿ ಮಾಡುವುದು ಲೇಸು.